ಗಿಟಾರಿಗೆ ಗೆಜ್ಜೆ ಕಟ್ಟಿದ ಹಾಡು

ಹಂಪಿ ಬಜಾರಿನಲ್ಲಿ ಗಿಟಾರ್ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ದಶಕಗಳಿಂದ ವಿದೇಶಿ ಪ್ರವಾಸಿಗರು ಅದನ್ನು ಬೆನ್ನಿಗೇರಿಸಿಕೊಂಡು ವಿರೂಪಾಕ್ಷನ ಗೋಪುರದ ಮುಂದೆ ಓಡಾಡಿದ್ದಾರೆ. ಹಾಗಾಗಿ ರಾಕ್ ಅಂಡ್ ರೋಲ್ ಎಂದರೆ ಬಿಳಿಯರು ತಂದ ಸಂಗೀತ ಎಂಬ ಭಾವನೆ ಸುಲಭವಾಗಿ ಹುಟ್ಟುತ್ತದೆ. ಅದರ ಮೂಲ ಕೆದಕಿದರೆ ಸಿಗುವುದು ಬೇರೆಯೇ ಕಥೆ.

ಅಮೆರಿಕದ ಅರ್ಕಾನ್ಸಾ ರಾಜ್ಯದ ಹತ್ತಿಯ ಸೀಮೆಯಲ್ಲಿ 1915ರಲ್ಲಿ ಹುಟ್ಟಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಕಪ್ಪು ಹೆಣ್ಣುಮಗಳು ಚರ್ಚಿನ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಗುಡುಗಿಸುತ್ತಿದ್ದರು. ಒಬ್ಬರು ಸೊಲ್ಲು ಎತ್ತುವುದು, ಉಳಿದವರು ಚಪ್ಪಾಳೆ ತಟ್ಟುತ್ತಾ ಅದಕ್ಕೆ ಮಾರುತ್ತರ ಕೊಡುವುದು: ಹೊಲದಲ್ಲಿ ಗೇಯುವವರ, ಚರ್ಚಿನಲ್ಲಿ ಮೈಮರೆತು ಹಾಡುವವರ ಈ ಪದ್ಧತಿಯೇ ರಾಕ್ ಸಂಗೀತದ ಬೆನ್ನೆಲುಬು. ಅದಕ್ಕೆ ಬ್ಲೂಸ್, ರಿದಮ್ ಅಂಡ್ ಬ್ಲೂಸ್, ಬಿಳಿಯ ರೈತಾಪಿಗಳ ಕಂಟ್ರಿ ಹಾಡುಗಳು ಬೆರೆತವು. 1954ರ ಜುಲೈನಲ್ಲಿ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ 19ರ ಹರೆಯದ ಎಲ್ವಿಸ್ ಪ್ರೀಸ್ಲಿ ಹಾಡಿ ಹೆಸರು ಮಾಡಿದ ಹಾಡು, ಆರ್ಥರ್ ಕ್ರುಡಪ್ ಎಂಬ ಕಪ್ಪು ಗಾಯಕ 1946ರಲ್ಲೇ ಧ್ವನಿಮುದ್ರಿಸಿದ್ದು. ಎಲ್ವಿಸ್‌ಗೆ ಸಿಂಹಾಸನ ಸಿಕ್ಕಿತು. ಕ್ರುಡಪ್ ತಮ್ಮ ರಾಯಧನಕ್ಕಾಗಿ ಹೋರಾಡುತ್ತಲೇ 1974ರಲ್ಲಿ ತೀರಿಕೊಂಡರು.

ಕನ್ನಡಕ್ಕೆ ಈ ಲಯ ಮೊದಲು ಬಂದದ್ದು ಸಿನಿಮಾದ ಕ್ಲಬ್ ದೃಶ್ಯಗಳ ದಾರಿಯಲ್ಲಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಡಾ. ರಾಜ್‌ಕುಮಾರ್ ಇಂಗ್ಲಿಷಿನಲ್ಲೇ ಹಾಡಿದ್ದನ್ನು ಆರ್ಕೆಸ್ಟ್ರಾದವರು ಇನ್ನೂ ಬಿಟ್ಟಿಲ್ಲ. ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಇಂಗ್ಲಿಷಿನಲ್ಲೇ ಹೆಸರಾಯಿತು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡಗಳು ಬಂದಾಗ ಅರಮನೆ ಮೈದಾನ ಕಿಕ್ಕಿರಿಯಿತು. ಊರು ನಮ್ಮದು, ಕೇಳುಗರು ನಮ್ಮವರು, ಹಾಡಿನೊಳಗೆ ಮಾತ್ರ ಕನ್ನಡವಿರಲಿಲ್ಲ.

ಆ ಕೊರತೆ ನೀಗಿಸಿದ್ದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಿ ಶಾಸ್ತ್ರ ಓದಿದ, ಭರತನಾಟ್ಯ ಕಲಿತ ಈ ಹುಡುಗನ ಮೊದಲ ಆಲ್ಬಂ 2008ರಲ್ಲಿ ಬಂತು. ಅದರಲ್ಲಿ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಇತ್ತು. 1889ರಲ್ಲಿ ತೀರಿಕೊಂಡ ಸಂತನ ಪದ ಬೇಸ್ ಗಿಟಾರ್, ಡ್ರಮ್ಸ್ ಜೊತೆ ಇಷ್ಟು ಸಲೀಸಾಗಿ ಕೂತದ್ದು ಹೇಗೆ? ತತ್ವಪದದ ಕಟ್ಟೋಣವೇ ಹಾಗಿದೆ. ಪ್ರತಿ ನುಡಿಯೂ ಸುತ್ತಿ ಬಂದು ಪಲ್ಲವಿಗೆ ಬೀಳುತ್ತದೆ. ಭಜನೆಯವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ, ಮೇಳದವರಿಗೆ ಕಾವೇರುತ್ತದೆ. ಡ್ರಮ್ಸ್ ಬಂದು ಕೂರಬೇಕಾದ ಜಾಗವನ್ನು ತಾಳ, ದಮಡಿಗಳು ಎಂದೋ ಹದಮಾಡಿ ಇಟ್ಟಿದ್ದವು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ರಘು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅದೇ ಕಾಲದ ಸ್ವರಾತ್ಮ ತಂಡದ ವಾಸು ದೀಕ್ಷಿತ್ ಕೂಡ ಜಾನಪದದತ್ತಲೇ ಹೊರಳಿದರು. ಅದಕ್ಕೂ ಮೊದಲೇ ಗಾಯಕ ಸಿ. ಅಶ್ವತ್ಥ್ ಷರೀಫರನ್ನು ಮನೆಮನೆಗೆ ಮುಟ್ಟಿಸಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. ಅವರು ಹದಮಾಡಿದ ಕಿವಿಗಳಿಗೇ ಈ ಹುಡುಗರು ಹಾಡಿದ್ದು.

ಕನ್ನಡದ ಕಿವಿಯನ್ನು ಹೀಗೆ ಹದಮಾಡಿದ್ದರಲ್ಲಿ ಹಂಪಿ ಸೀಮೆಗೂ ದೊಡ್ಡ ಪಾಲು ಸಲ್ಲಬೇಕು. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ ಬೀದಿಯಲ್ಲಿ ಆಡುಮಾತಿನಲ್ಲಿ ಹಾಡಿದ ಪುರಂದರದಾಸರ ಹೆಸರಿನ ಮಂಟಪ ಇಲ್ಲಿನ ತುಂಗಭದ್ರೆಯ ದಡದಲ್ಲೇ ಇದೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆ ಹಾಡುತ್ತಿದ್ದರೆ ರಾತ್ರಿಗಳೇ ಉರುಳುತ್ತಿದ್ದವು. ಅವರು ಒಂದು ಸಾಲು ಎತ್ತಿದರೆ ಜೊತೆಯವರು ವಾದ್ಯ ಬಾರಿಸುತ್ತಾ ದನಿಗೂಡಿಸುವರು, ನಡುವೆ ಕಥೆ ಮಾತಿಗಿಳಿಯುವುದು, ಮತ್ತೆ ಲಯಕ್ಕೆ ಜಿಗಿಯುವುದು. ಕಂಪ್ಲಿ ಸೀಮೆಯ ವೀರ ಕುಮಾರರಾಮನ ಕಥೆ ಅವರ ನಾಲಿಗೆಯ ಮೇಲೇ ಇತ್ತು. ಅಕ್ಷರ ಕಲಿಯದ ಈರಮ್ಮನಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅವರು ತೀರಿಕೊಂಡದ್ದು 2014ರಲ್ಲಿ.

ಹಾಗಾಗಿ, ರಾಜಕಾರಣಿ ಎಂ.ಪಿ. ಪ್ರಕಾಶ್ ಅವರ ಆಸಕ್ತಿಯಿಂದ ಬೆಳೆದ ಹಂಪಿ ಉತ್ಸವ, ಕುಮಾರರಾಮನ ಕಥೆಯನ್ನು ಈ ಸೀಮೆಯ ಬುರ್ರಕಥೆಯವರಿಂದ ಒಂದು ರಾಕ್ ತಂಡದ ಜೊತೆಗೆ, ಮುಖ್ಯ ವೇದಿಕೆಯಲ್ಲೇ ಹಾಡಿಸಬೇಕು. ಭಿತ್ತಿಪತ್ರದಲ್ಲಿ ಎರಡೂ ತಂಡಗಳ ಹೆಸರೂ ಒಂದೇ ಗಾತ್ರದ ಅಕ್ಷರದಲ್ಲಿರಬೇಕು, ಗೌರವಧನವೂ ಸಮನಾಗಿರಬೇಕು. ಧ್ವನಿಮುದ್ರಣ ಹೊರಬಂದರೆ ಅದರ ರಾಯಧನದಲ್ಲಿ ಬುರ್ರಕಥೆಯವರ ಪಾಲನ್ನು ಮೊದಲೇ ಕಾಗದದ ಮೇಲೆ ಬರೆದಿರಬೇಕು.