ಅಮೆರಿಕದ ಮಧ್ಯಮ ವರ್ಗ ಒಡೆದದ್ದು ಏಕೆ?

1971ರಲ್ಲಿ ಅಮೆರಿಕದವರಲ್ಲಿ ಶೇ. 61ರಷ್ಟು ಜನ ಮಧ್ಯಮ ವರ್ಗದವರು. 2023ಕ್ಕೆ ಅದು ಶೇ. 51ಕ್ಕೆ ಇಳಿಯಿತು ಎನ್ನುತ್ತದೆ ಪ್ಯೂ ಸಂಶೋಧನಾ ಕೇಂದ್ರ. ಹಲವರು ಮೇಲಿನ ವರ್ಗಕ್ಕೇ ಏರಿದ್ದಾರೆ, ಉಳಿದವರ ಆದಾಯವೂ ಹೆಚ್ಚಿದೆ, ಮತ್ತೇನು ಚಿಂತೆ ಎಂದು ಕೇಳುವವರಿದ್ದಾರೆ. ಏರಿದ್ದು ನಿಜ. ಆದರೆ ದೇಶದ ಒಟ್ಟು ಕೌಟುಂಬಿಕ ಆದಾಯದಲ್ಲಿ ಮಧ್ಯಮ ವರ್ಗದ ಪಾಲು 1970ರಲ್ಲಿ ಶೇ. 62 ಇದ್ದದ್ದು, 2022ಕ್ಕೆ ಶೇ. 43ಕ್ಕೆ ಕುಸಿದಿದೆ. ದಿಢೀರನೆ 400 ಡಾಲರ್ ಖರ್ಚು ಬಂದರೆ ಕೈಯಲ್ಲಿರುವ ದುಡ್ಡಿನಲ್ಲೇ ನಿಭಾಯಿಸುತ್ತೇವೆ ಎಂದವರು, 2023ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ಶೇ. 63 ಮಾತ್ರ.

ಕೈ ಬರಿದಾಗುವ ಈ ಭಯವೇ ರಾಜಕೀಯಕ್ಕೂ ಇಳಿದಿದೆ. ಜಗಳವೆಲ್ಲ ಜನಾಂಗ, ವಲಸೆ, ಧರ್ಮದ್ದು, ಹೊಟ್ಟೆಪಾಡಿನದಲ್ಲ ಎಂಬ ವಾದವಿದೆ. ಅವು ಹಳೆಯ ಬಿರುಕುಗಳು, ಒಪ್ಪೋಣ. ಆದರೆ ಡೇವಿಡ್ ಆಟರ್ ಮತ್ತಿತರ ಅರ್ಥಶಾಸ್ತ್ರಜ್ಞರ ಅಧ್ಯಯನ ನೋಡಿ: ಚೀನಾದ ಆಮದಿನಿಂದ ಕಾರ್ಖಾನೆ ಕೆಲಸಗಳು ಹೋದ ಕಡೆ, ಬಿಳಿಯರೇ ಹೆಚ್ಚಿದ್ದ ಕ್ಷೇತ್ರಗಳು ಕಟ್ಟಾ ಬಲಪಂಥದತ್ತ ಸರಿದರೆ, ಅಲ್ಪಸಂಖ್ಯಾತರೇ ಹೆಚ್ಚಿದ್ದ ಕ್ಷೇತ್ರಗಳು ಎಡಕ್ಕೆ ವಾಲಿದವು. ಪೆಟ್ಟು ಒಂದೇ, ದಿಕ್ಕು ಎರಡು. ನೌಕರಿ ಹೋದರೆ ಕಂಪನಿ ಕೊಟ್ಟ ಆರೋಗ್ಯ ವಿಮೆಯೂ ಹೋಗುವ ದೇಶದಲ್ಲಿ, ಬದುಕಿಗೆ ಭದ್ರತೆ ಕೊಡದೆ ಬರೀ ಸೌಹಾರ್ದದ ಉಪದೇಶ ಮಾಡಿದರೆ ಈ ಬಿರುಕು ಮುಚ್ಚುವುದಿಲ್ಲ.