ಕಹಿಯನ್ನು ತಾನಾಗಿ ಅರಸುವ ರೋಗಿ

ನಮ್ಮ ಬಾಲ್ಯದಲ್ಲಿ ಹೊಟ್ಟೆಯಲ್ಲಿ ಜಂತುಹುಳು ಕಾಣಿಸಿತೆಂದರೆ ಸಾಕು, ಮನೆಯ ಹಿರಿಯರು ನಮ್ಮ ಮೂಗು ಹಿಡಿದು ಕಹಿಯಾದ ಕಷಾಯವನ್ನು ಗಂಟಲಿಗೆ ಹೊಯ್ಯುತ್ತಿದ್ದರು. ಯಾರ ಬಲಾತ್ಕಾರವೂ ಇಲ್ಲದೆ ಕಹಿಯನ್ನು ತಾನಾಗಿ ಅರಸಿಕೊಂಡು ಹೋಗುವ ರೋಗಿಯನ್ನು ಈ ಅರುವತ್ತು ವರ್ಷಗಳಲ್ಲಿ ನಾವು ಮನುಷ್ಯರಲ್ಲಿ ಕಂಡುದಿಲ್ಲ. ಅಂತಹ ರೋಗಿಗಳು ಆಫ್ರಿಕಾದ ಕಾಡಿನಲ್ಲಿರುವರೆಂದು ಓದಿದಾಗ ನಮಗೆ ಆಶ್ಚರ್ಯದೊಡನೆ ಸ್ವಲ್ಪ ನಾಚಿಕೆಯೂ ಆಯಿತು.

ಟಾಂಜಾನಿಯಾ ದೇಶದಲ್ಲಿ, ಟಾಂಗನಿಕಾ ಸರೋವರದ ಪೂರ್ವತೀರದಲ್ಲಿ, ಮಹಾಲೆ ಎಂಬ ಪರ್ವತಪ್ರದೇಶವುಂಟು. ೧೯೮೭ನೆಯ ಇಸವಿಯ ನವೆಂಬರಿನಲ್ಲಿ ಮೈಕೆಲ್ ಹಫ್‌ಮನ್ ಎಂಬ ವಿದ್ವಾಂಸರೂ, ಅಲ್ಲಿಯ ಟೋಂಗ್ವೆ ಜನಾಂಗದವರಾಗಿ ಮೂಲಿಕಾವೈದ್ಯವನ್ನು ಬಲ್ಲ ಮೊಹಮ್ಮದಿ ಸೈಫು ಕಲುಂಡೆ ಎಂಬವರೂ ಚೌಸಿಕು ಎಂಬ ಹೆಸರಿನ ಒಂದು ಹೆಣ್ಣು ಚಿಂಪಾಂಜಿಯನ್ನು ಗಮನಿಸುತ್ತಿದ್ದರು. ಉಳಿದವು ಮೇಯುತ್ತಿರುವಾಗ ಅದು ಬಳಲಿ ಮಲಗಿತ್ತು. ಬಳಿಕ ಎದ್ದು ಹೋಗಿ ಒಂದು ಗಿಡದ ಎಳೆಯ ಕಾಂಡವನ್ನು ಮುರಿದು, ಎಲೆಯನ್ನೂ ತೊಗಟೆಯನ್ನೂ ಕಿತ್ತೆಸೆದು, ಒಳಗಿನ ತಿರುಳನ್ನು ಜಗಿದು ರಸವನ್ನು ಹೀರಿ ನಾರನ್ನು ಉಗುಳಿತು. ಆ ಗಿಡವು ಬಲು ಕಹಿ. ಹೊಟ್ಟೆನೋವಿಗೂ ಜಂತುವಿಗೂ ಜ್ವರಕ್ಕೂ ತಮ್ಮವರು ಬಳಸುವ ಔಷಧವೇ ಇದೆಂದು ಕಲುಂಡೆಯವರು ಹೇಳಿದರು. ಮರುದಿನ ಚೌಸಿಕು ಚೇತರಿಸಿಕೊಂಡಿತು.

ಗಮನಿಸಬೇಕಾದುದೇನೆಂದರೆ, ಆ ಗಿಡದ ಎಲೆ ತೊಗಟೆಗಳಲ್ಲಿ ವಿಷಾಂಶವು ಹೆಚ್ಚು. ವಾನರವು ಬಿಸುಟುದು ಅವುಗಳನ್ನೇ. ಇದು ಕಾಕತಾಳೀಯವಲ್ಲವೇ ಎಂದು ಕೇಳುವವರಿಗೂ ಉತ್ತರವುಂಟು. ಹೀಗೆಯೇ ತಿರುಳನ್ನು ಜಗಿದ ಮತ್ತೊಂದು ಹೆಣ್ಣು ಚಿಂಪಾಂಜಿಯ ಮಲವನ್ನು ಪರೀಕ್ಷಿಸಿದಾಗ, ಒಂದು ಗ್ರಾಮಿಗೆ ೧೩೦ ಇದ್ದ ಹುಳುವಿನ ಮೊಟ್ಟೆಗಳು ೨೦ ಗಂಟೆಗಳಲ್ಲಿ ೧೫ಕ್ಕೆ ಇಳಿದಿದ್ದುವು.

ಇವುಗಳದು ಇನ್ನೊಂದು ಚಿಕಿತ್ಸೆಯೂ ಉಂಟು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒರಟಾದ, ಸಣ್ಣ ರೋಮಗಳುಳ್ಳ ಎಲೆಗಳನ್ನು ಒಂದೊಂದಾಗಿ ಬಾಯಲ್ಲಿಟ್ಟು, ನಾಲಗೆಯಿಂದ ಮಡಿಚಿ, ಜಗಿಯದೆ ನುಂಗುವುವು. ಎಲೆಗಳು ಜೀರ್ಣವಾಗದೆ ಕರುಳನ್ನು ಕೆರಳಿಸಿ ಬೇಗನೆ ಹೊರಬೀಳುವುವು. ಅವುಗಳೊಡನೆ ಹುಳುಗಳೂ, ಎಷ್ಟೋ ವೇಳೆ ಜೀವಂತವಾಗಿಯೇ, ಹೊರಬರುವುವು. ಇಲ್ಲಿ ಕೆಲಸ ಮಾಡುವುದು ರಸಕ್ಕಿಂತ ಹೆಚ್ಚಾಗಿ ಎಲೆಯ ಒರಟುತನ. ಕರುಳಿಗೆ ಪೊರಕೆ ಹಾಕಿದಂತೆಯೇ ಸರಿ. ಮಳೆಗಾಲದಲ್ಲಿ ಹುಳುವಿನ ಬಾಧೆ ಹೆಚ್ಚುವುದು, ಆಗಲೇ ಈ ಎಲೆ ನುಂಗುವುದೂ ಹೆಚ್ಚುವುದು. ಬೊನೊಬೊ, ಗೊರಿಲ್ಲಾಗಳಲ್ಲಿಯೂ ಈ ಪದ್ಧತಿಯನ್ನು ಕಂಡಿದ್ದಾರೆ.

ಆದರೆ ಕರುಳಿನಲ್ಲಿರುವುದೆಲ್ಲ ಶತ್ರುವಲ್ಲ. ಸಂಸ್ಕೃತದ ಕ್ರಿಮಿಶಬ್ದವು ಕಣ್ಣಿಗೆ ಕಾಣುವ ಹುಳುವಿಗೂ ಕಾಣದ ಜೀವಿಗೂ ಸಲ್ಲುವುದು. ಇಲ್ಲಿ ಮಾತ್ರ ಎರಡನ್ನೂ ಬೇರ್ಪಡಿಸಲೇಬೇಕು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಕುಲದವು ಅನ್ನವನ್ನು ಅರಗಿಸಲು ನೆರವಾಗುವ ಹಳೆಯ ಒಕ್ಕಲುಗಳು. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಮನುಷ್ಯ, ಈ ನಾಲ್ವರ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ೨೦೧೬ರಲ್ಲಿ ಪ್ರಕಟವಾದ ಶೋಧನೆಯೊಂದು, ವಂಶಗಳು ಕವಲೊಡೆದಾಗ ಅವುಗಳಲ್ಲಿ ಕೆಲವು ತಾವೂ ಕವಲೊಡೆದುವೆಂದು ತೋರಿಸಿತು. ಲಕ್ಷಾಂತರ ವರ್ಷಗಳ ಪಿತ್ರಾರ್ಜಿತವೆನ್ನಬಹುದು. ಟಾಂಜಾನಿಯಾದ ಗೊಂಬೆಯ ಕಾಡಿನಲ್ಲಿ, ಚಿಂಪಾಂಜಿಗಳು ಹೆಚ್ಚಾಗಿ ಒಡನಾಡುವ ಕಾಲದಲ್ಲಿ ಅವುಗಳ ಕರುಳಿನ ಬ್ಯಾಕ್ಟೀರಿಯಾಗಳ ಬಗೆಗಳೂ ಹೆಚ್ಚುವುದು ಕಂಡುಬಂದಿದೆ. ಮನುಷ್ಯನ ಕರುಳಿನಲ್ಲಾದರೋ ಈ ವೈವಿಧ್ಯವು ವಾನರಗಳಿಗಿಂತ ಕಡಿಮೆ. ಆಸ್ತಿ ಕರಗಿಸುವುದರಲ್ಲಿ ನಾವು ಜಾಣರಷ್ಟೆ!

ಕಲುಂಡೆಯವರ ತಾತನ ಸಂಗತಿಯೊಂದನ್ನು ಹೇಳದಿರಲಾರೆವು. ಆಮಶಂಕೆಯಿಂದ ನರಳುತ್ತಿದ್ದ ಮುಳ್ಳುಹಂದಿಯೊಂದು, ವಿಷವೆಂದು ಜನರು ಹೆದರುತ್ತಿದ್ದ ಗಿಡದ ಬೇರನ್ನು ಅಗೆದು ತಿಂದು ಗುಣಹೊಂದಿದುದನ್ನು ಆತನು ಕಂಡನು. ಊರಿನಲ್ಲಿ ಅದೇ ಬೇನೆ ಹಬ್ಬಿದಾಗ ಆ ಬೇರನ್ನು ಮೊದಲು ತಾನೇ ತಿಂದು ತೋರಿಸಿ, ಅನಂತರ ರೋಗಿಗಳಿಗೆ ಕೊಟ್ಟನಂತೆ.

ಚಿಂಪಾಂಜಿಯ ಮರಿಗಳ ಪಾಠವೂ ಬಹುಶಃ ಹೀಗೆಯೇ ಮೊದಲಾಗುವುದು. ಕಾಯಿಲೆಯ ತಾಯಿ ಜಗಿದು ಬಿಸುಟ ತಿರುಳನ್ನು ಮರಿಯು ಎತ್ತಿಕೊಂಡು ಚೂರು ರುಚಿ ನೋಡುವುದನ್ನು ಮಹಾಲೆಯಲ್ಲಿ ಕಂಡಿದ್ದಾರೆ. ಅದರ ಮೂಗನ್ನು ಯಾರೂ ಹಿಡಿಯುವುದಿಲ್ಲ.