ಮದ್ದಿನ ಕೊಂಬು: ಹವ್ಯಾಸಕ್ಕೆ ಕೈಹಾಕುವ ಮುನ್ನ ತಿಳಿದಿರಬೇಕಾದುದು

ಮಂಗಳೂರು: ನಗರದ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿಯು 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಕಾವಲು ಗೋಪುರ. ಅದರ ನೆಲಮಾಳಿಗೆಯಲ್ಲಿ ಕೋವಿಮದ್ದನ್ನು ದಾಸ್ತಾನಿಡಲಾಗುತ್ತಿತ್ತೆಂಬ ಪ್ರತೀತಿಯಿದೆ. ಕೋಟೆಗಾದರೆ ಉಗ್ರಾಣವಿತ್ತು, ಮಳೆಯಲ್ಲಿ ನಡೆಯುವ ಸೈನಿಕನಾಗಲಿ ಬೇಟೆಗಾರನಾಗಲಿ ಮದ್ದು ನೆನೆಯದಂತೆ ಒಯ್ಯುವುದು ಹೇಗೆ? ಜಗತ್ತಿನ ಹಲವು ನಾಡುಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಮದ್ದಿನ ಕೊಂಬು.

ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣವಾದ ಕರಿಮದ್ದು ತೇವ ತಗುಲಿದರೆ ಕೆಡುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ. ಕೊಂಬಿನೊಳಗೆ ನೀರು ಇಳಿಯದು. ಅದು ತುಕ್ಕು ಹಿಡಿಯದು, ಕಬ್ಬಿಣದಂತೆ ಕಿಡಿ ಹಾರಿಸದು, ಹೆಗಲಿಗೂ ಹಗುರ. ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಸೈನಿಕರು ತಮ್ಮ ಕೊಂಬುಗಳ ಮೇಲೆ ಹೆಸರು, ಕೋಟೆಗಳ ಚಿತ್ರ, ನಾಡಿನ ನಕ್ಷೆಗಳನ್ನು ಕೊರೆಸಿಕೊಳ್ಳುತ್ತಿದ್ದರು. ಮೊಘಲರ ಕಾಲದ ದಂತದ ಮದ್ದಿನ ಬುರುಡೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ತೋಟಾ ಬಂದ ಮೇಲೆ ಈ ಸಾಧನವು ಬಳಕೆಯಿಂದ ಮರೆಯಾಯಿತು. ಈಗ ಅದು ಕುಶಲಕರ್ಮದ ಹವ್ಯಾಸವಾಗಿ ಉಳಿದಿದೆ.

ತಯಾರಿಸುವ ಬಗೆ

ಕೊಂಬೆಂದರೆ ಒಳಗಿನ ಎಲುಬಿನ ಮೇಲೆ ಬೆಳೆದ, ನಮ್ಮ ಉಗುರಿನಂಥದೇ ವಸ್ತುವಿನ ಕವಚ. ಎಲುಬನ್ನು ತೆಗೆದು ಶುಚಿಗೊಳಿಸಿದ ಕೊಂಬನ್ನೇ ಕೊಳ್ಳುವುದು ಹೊಸಬರಿಗೆ ಲೇಸು. ಉತ್ತರ ಪ್ರದೇಶದ ಸಂಭಲ್ ಕೊಂಬಿನ ಕೆಲಸಕ್ಕೆ ಹೆಸರಾದ ಊರು. ಹಸಿ ಕೊಂಬಿನಿಂದ ನೆರಡಿಯಂತಹ ರೋಗಗಳು ತಗಲುವ ಭಯವಿದೆ. ಕೇವಲ ಕುದಿಸಿದ ಮಾತ್ರಕ್ಕೆ ಆ ಭಯ ಪೂರ್ಣವಾಗಿ ನೀಗದು.

ಮೊದಲಿಗೆ ಟೊಳ್ಳಿನೊಳಗೆ ತಂತಿ ತೂರಿಸಿ ಅದರ ಆಳವನ್ನು ಹೊರಮೈ ಮೇಲೆ ಗುರುತಿಸಬೇಕು. ತುದಿಯ ಭಾಗ ಗಟ್ಟಿಯಾಗಿರುತ್ತದೆ. ಅದನ್ನು ತುಸು ಕತ್ತರಿಸಿ, ಟೊಳ್ಳನ್ನು ಮುಟ್ಟುವವರೆಗೆ ಸಣ್ಣ ರಂಧ್ರ ಕೊರೆಯಬೇಕು. ಬೈರಿಗೆ ಓರೆಯಾದರೆ ಪಕ್ಕಕ್ಕೆ ತೂತು ಬಿದ್ದು ಕೊಂಬು ವ್ಯರ್ಥವಾಗುತ್ತದೆ.

ಬುಡಕ್ಕೆ ಹಲಸು ಅಥವಾ ಸಾಗುವಾನಿಯ ಮುಚ್ಚಳ ಬೇಕು. ಎಮ್ಮೆಯ ಕೊಂಬಿನ ಬುಡ ದುಂಡಗಿರದೆ ಚಪ್ಪಟೆಯಾಗಿರುವುದರಿಂದ ಮರವನ್ನು ಅದರ ಆಕಾರಕ್ಕೆ ಕೆತ್ತಬೇಕಾಗುತ್ತದೆ. ಕುದಿನೀರಿನಲ್ಲಿ ಬುಡವನ್ನು ಮೆತ್ತಗಾಗಿಸಿ ಮುಚ್ಚಳವನ್ನು ಒತ್ತಿ ಕೂರಿಸಿದರೆ, ಕೊಂಬು ತಣಿಯುವಾಗ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸುತ್ತ ಮರದ ಸಣ್ಣ ಮೊಳೆಗಳನ್ನು ಹೊಡೆದು, ಸಂದಿಗೆ ಜೇನುಮೇಣ ತುಂಬಬೇಕು. ಬುಡವನ್ನು ನೀರಿನಲ್ಲಿ ಅದ್ದಿ ತುದಿಯಿಂದ ಊದಿದಾಗ ಗುಳ್ಳೆ ಏಳದಿದ್ದರೆ ಕೆಲಸ ಸರಿಯಾಗಿದೆಯೆಂದು ಅರ್ಥ. ಗಾಜಿನ ಚೂರಿನಿಂದ ಹೆರೆದು, ಮರಳು ಕಾಗದದಿಂದ ತಿಕ್ಕಿ, ಎಣ್ಣೆ ಹಚ್ಚಿದರೆ ಮೈ ಹೊಳೆಯುತ್ತದೆ. ಕೊನೆಗೆ ತುದಿಗೊಂದು ಮರದ ಬಿರಡೆ, ತೂಗುಹಾಕಲು ಪಟ್ಟಿ. ಕೊಂಬನ್ನು ತಿಕ್ಕುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ, ಮುಖಗವಸು ಕಡ್ಡಾಯ.

ಕಾನೂನಿನ ಗೆರೆ

ಈ ಹವ್ಯಾಸದಲ್ಲಿ ಕೈತಪ್ಪಿಗಿಂತ ಅಪಾಯಕಾರಿಯಾದುದು ತಿಳಿವಳಿಕೆಯ ಕೊರತೆ. ಘಟ್ಟದ ಕೆಳಗಿನ ಹಳೆಯ ಮನೆಗಳಲ್ಲಿ ಕಡವೆ, ಕಾಡುಕೋಣಗಳ ಕೊಂಬು ಗೋಡೆಯ ಮೇಲೆ ಕಾಣಸಿಗುವುದುಂಟು. ಅವನ್ನು ಕೆತ್ತನೆಗೆ ಬಳಸುವುದಾಗಲಿ, ಕೊಳ್ಳುವುದು ಮಾರುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಆಯ್ದು ತರುವುದಕ್ಕೂ ವಿನಾಯಿತಿಯಿಲ್ಲ. ಎಮ್ಮೆಯ ಕೊಂಬನ್ನು ಕೊಳ್ಳುವಾಗಲೂ ಮಾರಾಟಗಾರನಿಂದ ರಸೀದಿ ಪಡೆದಿರುವುದು ಕ್ಷೇಮ.

ದಕ್ಷಿಣ ಕನ್ನಡದ ಅನೇಕ ಕೃಷಿಕರಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಹಾಗೆಂದು, ಮಾಡಿದ ಕೊಂಬಿಗೆ ಮದ್ದು ತುಂಬಿ ನೋಡುವ ಆಸೆಗೆ ಹವ್ಯಾಸಿಗಳು ಎಡೆಗೊಡಬಾರದು. ಖಾಲಿ ಕೊಂಬು ಕರಕುಶಲ ವಸ್ತು, ಮದ್ದು ಸ್ಫೋಟಕ. ಅದಕ್ಕೆ 1884ರ ಸ್ಫೋಟಕ ಕಾಯಿದೆ ಹಾಗೂ 1959ರ ಶಸ್ತ್ರಾಸ್ತ್ರ ಕಾಯಿದೆಗಳು ಅನ್ವಯಿಸುತ್ತವೆ. ಬಿರಡೆಯ ಬಿಗಿ, ರಂಧ್ರದ ಹರಿವುಗಳನ್ನು ಪರೀಕ್ಷಿಸಲು ಒಂದು ಹಿಡಿ ಸಾಸಿವೆ ಸಾಕು.